ಇಳಿವಯಸ್ಸಿನ ಅಗಲಿಕೆ: ದುಃಖ ಯಾವಾಗ ಕಾಯಿಲೆಯಾಗುತ್ತದೆ?

ಸಂಗಾತಿಯನ್ನು ಕಳೆದುಕೊಂಡ ಹಿರಿಯರನ್ನು ಮನೆಯವರು ನೇರವಾಗಿ ಮನೋವೈದ್ಯರ ಬಳಿಗೆ ಕರೆತರುವುದು ಅಪರೂಪ. ಹೊಟ್ಟೆಯುರಿ, ಮೈಕೈ ನೋವು, ಮರೆವು ಎಂದು ನಾಲ್ಕಾರು ಕಡೆ ತೋರಿಸಿ, ಸ್ಕ್ಯಾನಿಂಗ್, ಎಂಡೋಸ್ಕೋಪಿಗಳೆಲ್ಲ ಮುಗಿದ ಮೇಲಷ್ಟೇ ನಮ್ಮಲ್ಲಿಗೆ ಬರುತ್ತಾರೆ. ‘ಈ ವಯಸ್ಸಿನಲ್ಲಿ ಬೇಸರ ಇದ್ದದ್ದೇ’ ಎಂಬ ಸದುದ್ದೇಶದ ಮಾತು, ಗುಣವಾಗಬಲ್ಲ ಖಿನ್ನತೆಯನ್ನು ತಿಂಗಳುಗಟ್ಟಲೆ ಮರೆಮಾಚಿರುತ್ತದೆ.

ದುಃಖ ಬಂದು ಹೋಗುವಂಥದ್ದು. ಹಬ್ಬ ಬಂದಾಗ ಉಕ್ಕುತ್ತದೆ. ಮೊಮ್ಮಗುವಿನ ತುಂಟತನಕ್ಕೆ ನಗುವೂ ಬರುತ್ತದೆ. ತೀರಿಕೊಂಡವರು ಜಗಲಿಯಲ್ಲಿ ಕೂತಂತೆ ಕಂಡರೆ, ಅವರ ದನಿ ಕೇಳಿಸಿದರೆ ಗಾಬರಿಯಾಗಬೇಕಿಲ್ಲ. ಖಿನ್ನತೆಯಲ್ಲಿ ಈ ಏರಿಳಿತವೇ ಇರುವುದಿಲ್ಲ: ಎರಡು ವಾರ ಮೀರಿದರೂ ಯಾವುದರಲ್ಲೂ ಆಸಕ್ತಿಯಿಲ್ಲ, ನಸುಕಿನಲ್ಲೇ ಎಚ್ಚರವಾಗುತ್ತದೆ, ತೂಕ ಇಳಿಯುತ್ತದೆ, ‘ನಾನು ಎಲ್ಲರಿಗೂ ಹೊರೆ’ ಎಂಬ ಭಾವ ಬಲಿಯುತ್ತದೆ. ಸಾವಿನ ನಂತರದ ಮೊದಲ ಎರಡು ತಿಂಗಳ ಇಂಥ ಲಕ್ಷಣಗಳನ್ನು ಸಾಮಾನ್ಯವಾಗಿ ಖಿನ್ನತೆಯೆಂದು ಗುರುತಿಸಬಾರದೆಂಬ ವಿನಾಯಿತಿಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಿಂದ ಕೈಬಿಟ್ಟಾಗ, ದುಃಖವನ್ನೂ ರೋಗವಾಗಿಸುತ್ತಿದ್ದಾರೆಂಬ ಟೀಕೆ ಬಂತು. ಹಿರಿಯರ ಮಟ್ಟಿಗೆ ಆ ಬದಲಾವಣೆ ಸರಿಯೆಂದೇ ನನ್ನ ಅಭಿಪ್ರಾಯ. ಊಟ ಬಿಟ್ಟ ಎಪ್ಪತ್ತೈದರ ದೇಹಕ್ಕೆ ಎರಡು ತಿಂಗಳು ಕಾಯುವ ಶಕ್ತಿ ಇರುವುದಿಲ್ಲ.

‘ಮುತ್ತೈದೆಯಾಗಿಯೇ ಹೋಗಬೇಕಿತ್ತು’, ‘ದೇವರು ನನ್ನನ್ನೂ ಕರೆದುಕೊಳ್ಳಬಾರದೇ’ ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಅದರೊಳಗೆ ನಿಜವಾದ ಸಾವಿನ ಯೋಚನೆಯೂ ಅಡಗಿರಬಹುದಾದ್ದರಿಂದ, ‘ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ?’ ಎಂದು ನೇರವಾಗಿಯೇ ಕೇಳುತ್ತೇನೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬಹುತೇಕರು ಹಗುರಾಗಿ ಮಾತನಾಡತೊಡಗುತ್ತಾರೆ. ಹೌದೆಂದರೆ ಒಂಟಿಯಾಗಿ ಬಿಡಬಾರದು, ಮನೆಯಲ್ಲಿನ ಮಾತ್ರೆ, ಕೀಟನಾಶಕಗಳನ್ನು ಕೈಗೆ ಸಿಗದಂತಿಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಹೆಂಡತಿಯನ್ನು ಕಳೆದುಕೊಂಡ ಗಂಡಸರಿಗೆ ನಾನು ಕೇಳುವ ಮೊದಲ ಪ್ರಶ್ನೆ ಬೇರೆ: ಬಿಪಿ, ಶುಗರ್ ಮಾತ್ರೆ ಕೊಡುತ್ತಿದ್ದವರು ಯಾರು? ಆಕೆಯೇ ಲೋಟದ ನೀರಿನೊಂದಿಗೆ ಅಂಗೈಗೆ ಹಾಕುತ್ತಿದ್ದ ಮಾತ್ರೆಗಳು ತಿಥಿ ಮುಗಿಯುವುದರೊಳಗೆ ನಿಂತುಹೋಗಿರುತ್ತವೆ.

ಥೈರಾಯ್ಡ್, ಬಿ12, ರಕ್ತದ ಸೋಡಿಯಂ ನೋಡಿಯೇ ಚಿಕಿತ್ಸೆ ಆರಂಭಿಸುವುದು ಒಳ್ಳೆಯದು. ಸಮಾಲೋಚನೆಯೊಂದಿಗೆ ಕೊಡುವ ಖಿನ್ನತೆಯ ಔಷಧದ ಫಲ ಕಾಣಲು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಂಗಡಿಯಿಂದ ತಂದ ನಿದ್ರೆಮಾತ್ರೆ ಪರ್ಯಾಯವಲ್ಲ. ರಾತ್ರಿ ಶೌಚಕ್ಕೆದ್ದವರು ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೆ ಅದೂ ಕಾರಣವಾಗುತ್ತದೆ. ಚೇತರಿಸಿಕೊಂಡ ಮೇಲೂ ಔಷಧವನ್ನು ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ‘ಈಗ ಚೆನ್ನಾಗಿ ಊಟ ಮಾಡುತ್ತಿದ್ದಾರೆ’ ಎಂದು ಮನೆಯವರೇ ನಿಲ್ಲಿಸಿ, ಮತ್ತೆ ಕರೆತರುವುದನ್ನು ಆಗಾಗ ನೋಡುತ್ತೇನೆ.