ಜೇಬಿನ ಖರ್ಚು ಶೇ 39.4: ಯಾವುದರಲ್ಲಿ?

ಮಂಡ್ಯದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮತ್ತೆ ಅದೇ ಸಾಲು ಬಂದಿದೆ: ‘ಭಾರತದ ಕುಟುಂಬಗಳ ಆದಾಯದಲ್ಲಿ ಶೇ 39 ಆಸ್ಪತ್ರೆಗೇ ಹೋಗುತ್ತದೆ.’ ಹಾಗಿಲ್ಲ. ಇದನ್ನು ನೋಡಿ ನೋಡಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಅಂಕಿ ಬಂದಿರುವುದು ಕೇಂದ್ರ ಆರೋಗ್ಯ ಸಚಿವಾಲಯದ ‘ರಾಷ್ಟ್ರೀಯ ಆರೋಗ್ಯ ಲೆಕ್ಕ’ದಿಂದ. 2021-22ರಲ್ಲಿ ಸರ್ಕಾರ, ಮನೆಮಂದಿ, ವಿಮೆ, ಕಂಪನಿಗಳು, ಹೊರದೇಶದ ನೆರವು ಎಲ್ಲಾ ಸೇರಿ ದೇಶದ ಆರೋಗ್ಯಕ್ಕೆ ಆದ ಖರ್ಚು 9,04,461 ಕೋಟಿ ರೂಪಾಯಿ. ಅದರಲ್ಲಿ ಜನ ಚಿಕಿತ್ಸೆ ಪಡೆಯುವಾಗ ಕೈಯಿಂದ ಕೊಟ್ಟದ್ದು, ಅಂದರೆ ‘ಜೇಬಿನ ಖರ್ಚು’, 3,56,254 ಕೋಟಿ. ಆ ದೊಡ್ಡ ಮೊತ್ತದಲ್ಲಿ ಈ ಪಾಲು ಶೇ 39.4, ಅಷ್ಟೇ. ಯಾವ ಮನೆಯ ಆದಾಯವೂ ಈ ಲೆಕ್ಕದಲ್ಲಿ ಇಲ್ಲ.

ಇನ್ನೊಂದು ತಪ್ಪು ಇದರ ಬೆನ್ನಿಗೇ ಬರುತ್ತದೆ. 2013-14ರಲ್ಲಿ ಈ ಪಾಲು ಶೇ 64.2 ಇತ್ತು, ಹಾಗಾದರೆ ನಮ್ಮ ಬಿಲ್ ಇಳಿಯಿತು ಅಲ್ವಾ ಎನ್ನುತ್ತಾರೆ. ಪಾಲು ಇಳಿದರೆ ಬಿಲ್ ಇಳಿಯಲೇಬೇಕು ಅಂತಿಲ್ಲ. ಸರ್ಕಾರ ಜಾಸ್ತಿ ಖರ್ಚು ಮಾಡಿದರೂ ನಮ್ಮ ಪಾಲು ಚಿಕ್ಕದಾಗುತ್ತದೆ, ಮತ್ತು 2021-22 ಕೋವಿಡ್ ಲಸಿಕೆಯ ವರ್ಷ. ಜೊತೆಗೆ ಮನೆಗಳ ಖರ್ಚು ತಿಳಿಯುವುದು ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ. 2016-17ರವರೆಗೆ 2014ರ ಸಮೀಕ್ಷೆ ಆಧಾರವಾಗಿತ್ತು, ಆಮೇಲೆ 2017-18ರದ್ದು. ಆಧಾರ ಬದಲಾದ ಆ ಒಂದೇ ವರ್ಷದಲ್ಲಿ ಶೇ 58.7 ಇದ್ದದ್ದು 48.8ಕ್ಕೆ ಬಂತು. ಈ ಇಳಿಕೆಯಲ್ಲಿ ಎಷ್ಟು ನಿಜವಾದ ಉಳಿತಾಯ, ಎಷ್ಟು ಸಮೀಕ್ಷೆ ಬದಲಾದ ಪರಿಣಾಮ ಅಂತ ಕೇಳದೆ ಗ್ರಾಫ್ ಹಂಚುವುದು ಸರಿಯಲ್ಲ.

ಇನ್ನು ಈ ಜೇಬಿನ ಖರ್ಚಿನಲ್ಲಿ ಏನು ಸೇರುತ್ತದೆ ಎಂಬುದು. ನಾಗಮಂಗಲದಿಂದ ಒಬ್ಬರು ತಾಯಿಯನ್ನು ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕರೆತಂದರು ಅಂದುಕೊಳ್ಳಿ. ಹೊರಗಿನ ಮೆಡಿಕಲ್ ಶಾಪಿನಲ್ಲಿ ಕೊಂಡ ಮಾತ್ರೆ, ಲ್ಯಾಬಿನಲ್ಲಿ ಕೊಟ್ಟ ದುಡ್ಡು ಸೇರುತ್ತದೆ. ಆಯುಷ್ಮಾನ್ ಕಾರ್ಡಿನಲ್ಲಿ ಆದ ಆಪರೇಷನ್ ಸರ್ಕಾರದ ಖಾತೆಗೆ ಹೋಗುತ್ತದೆ. ವರ್ಷ ವರ್ಷ ಕಟ್ಟುವ ವಿಮೆಯ ಪ್ರೀಮಿಯಂ ಕೂಡ ಮನೆಯ ದುಡ್ಡೇ, ಆದರೂ ಅದು ‘ಜೇಬಿನ ಖರ್ಚು’ ಅಲ್ಲ, ಮುಂಗಡ ಪಾವತಿ ಎಂದು ಬೇರೆಯಾಗಿ ಬರೆಯುತ್ತಾರೆ. ಜೊತೆಗೆ ಬಂದ ಮಗ ಹೋಟೆಲಿನಲ್ಲಿ ಉಂಡದ್ದು, ಕಬ್ಬಿನ ಕಟಾವು ಬಿಟ್ಟು ಕಳೆದುಕೊಂಡ ಕೂಲಿ ಇದರಲ್ಲಿ ಇಲ್ಲವೇ ಇಲ್ಲ. ನಮ್ಮ ಹಳ್ಳಿಯ ಮನೆಗಳಿಗೆ ಎಷ್ಟೋ ಸಲ ಭಾರವಾಗುವುದು ಇದೇ. ಇದಕ್ಕೂ ಒಂದು ಅಂಕಿ ಪ್ರತಿ ವರ್ಷ ಬರಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಕೆಲವರು ಶೇ 45 ಎಂದೂ ಹೇಳುತ್ತಾರೆ. ಅದು ಸುಳ್ಳಲ್ಲ. ಕಟ್ಟಡ, ಯಂತ್ರಗಳಂಥ ಬಂಡವಾಳ ಖರ್ಚನ್ನು ಒಟ್ಟು ಮೊತ್ತದಿಂದ ತೆಗೆದರೆ ಉಳಿಯುವುದು ಚಾಲ್ತಿ ಖರ್ಚು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕುವುದು ಅದರ ಮೇಲೆ, ಆಗ ಅದೇ 3,56,254 ಕೋಟಿ ಶೇ 45ರಷ್ಟಾಗುತ್ತದೆ.