ಹಿಂಜಿನ ಕಚ್ಚು ಎಷ್ಟು ಆಳ ಇರಬೇಕು? ಹಳೆಯ ಕೈ ಉಪಕರಣಗಳ ಜೊತೆ ಕಲಿತದ್ದು

ಹಳೆಯ ಕೈ ಉಪಕರಣಗಳಿಂದಲೇ ಒಂದು ಬಾಗಿಲಿಗೆ ಮೂರು ಹಿಂಜು ಕೂರಿಸಿದೆ. ಮೊದಲ ಸಲ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಕೊನೆಯ ಒಂದು ಬೆರಳಿನಷ್ಟು ದೂರದಲ್ಲಿ ತಡೆದು, ಕೈ ಬಿಟ್ಟರೆ ಹಿಂದಕ್ಕೆ ಬರುತ್ತಿತ್ತು. ಯಾಕೆಂದು ಅರ್ಥವಾಗಲು ಎರಡು ದಿನ ಬೇಕಾಯಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಹಿಂಜು ಎಲ್ಲೆಲ್ಲಿ ಬರಬೇಕು ಎಂದು ಗುರುತು ಹಾಕುವುದು ಸುಲಭ, ಅದನ್ನು ಬಿಡುತ್ತೇನೆ. ಕಷ್ಟ ಇರುವುದು ಕಚ್ಚಿನ, ಅಂದರೆ ಹಿಂಜು ಕೂರಲು ಮರದಲ್ಲಿ ಕೆತ್ತುವ ತಗ್ಗಿನ, ಆಳದಲ್ಲಿ.

ಹಿಂಜಿನ ಪಟ್ಟಿ (ಸ್ಕ್ರೂ ಹಾಕುವ ಚಪ್ಪಟೆ ರೆಕ್ಕೆ) ಮರದೊಳಗೆ ಚೆನ್ನಾಗಿ ಇಳಿದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಅದು ತಪ್ಪು. ಹಿಂಜನ್ನು ಮಡಿಸಿ, ಎರಡು ಪಟ್ಟಿಗಳೂ ಒಂದಕ್ಕೊಂದು ಸಮಾಂತರವಾಗಿ ನಿಲ್ಲುವಂತೆ ಹಿಡಿಯಿರಿ. ಈಗ ಹೊರಗಿನಿಂದ ಹೊರಗಿನವರೆಗೆ ದಪ್ಪ ಅಳೆಯಿರಿ. ನನ್ನ ಹಿಂಜಿನಲ್ಲಿ ಅದು 8 ಮಿ.ಮೀ. ಒಂದೊಂದು ಪಟ್ಟಿ 3 ಮಿ.ಮೀ. ಅಂದರೆ ನಡುವೆ 2 ಮಿ.ಮೀ. ಖಾಲಿ ಇದೆ, ಅಲ್ವಾ? ಆ ಖಾಲಿಯೇ ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ಆಗುತ್ತದೆ.

ಲೆಕ್ಕ ಇಷ್ಟೇ: ಸಂದು = ಒಟ್ಟು ದಪ್ಪ − ಎರಡೂ ಕಚ್ಚುಗಳ ಆಳ. ಎರಡೂ ಕಡೆ 3 ಮಿ.ಮೀ. ಕೆತ್ತಿದರೆ ಸಂದು 2. ತಲಾ 3.5 ಆದರೆ 1. ತಲಾ 4 ಆದರೆ ಸೊನ್ನೆ. ನಾನು ಕೆತ್ತಿದ್ದು ತಲಾ 4.5! ಹಿಂಜು ಮಡಚಿಕೊಳ್ಳುವ ಮೊದಲೇ ಮರಕ್ಕೆ ಮರ ತಾಗುತ್ತಿತ್ತು. ಆಮೇಲೂ ಒತ್ತಿದರೆ ಆ ಬಲವೆಲ್ಲ ಸ್ಕ್ರೂಗಳನ್ನು ಕೀಳಲು ಹೋಗುತ್ತದೆ. ಮತ್ತೆ ಕೆತ್ತಿದರೆ ಇನ್ನೂ ಕೆಡುತ್ತದೆ. ಪಟ್ಟಿಯ ಹಿಂದೆ ತೆಳು ರಟ್ಟು ಇಟ್ಟೆ, ಬಾಗಿಲು ಸಲೀಸಾಗಿ ಮುಚ್ಚಿತು.

ಎರಡನೆಯ ಗೊಂದಲ ಗೇಜಿನದು, ಅಂದರೆ ಅಂಚಿನಿಂದ ಒಂದೇ ದೂರದಲ್ಲಿ ಮರದ ಮೇಲೆ ಗೆರೆ ಗೀರುವ ಉಪಕರಣದ್ದು. ಹಿಂಜಿಗೆಂದೇ ಮಾಡಿದ, ಸ್ಟ್ಯಾನ್ಲಿ ಕಂಪನಿಯ 95ನೇ ನಂಬರಿನ ಗೇಜಿನಲ್ಲಿ ಎರಡು ಸರಳು, ಮೂರು ಮೊನೆ ಇವೆ. ಒಂದು ಸರಳಿನ ಎರಡು ತುದಿಗೂ ಮೊನೆ ಇದೆ. ಒಂದನ್ನು ಬಾಗಿಲಿನ ಅಂಚಿಗೆ ಹೊಂದಿಸಿದರೆ, ಇನ್ನೊಂದು ಚೌಕಟ್ಟಿಗೆ ತಾನೇ ಹೊಂದಿಕೊಂಡಿರುತ್ತದೆ. ಮೂರನೆಯದು ಪಟ್ಟಿಯ ದಪ್ಪಕ್ಕೆ. ಒಂದೇ ಅಳತೆ ಎರಡೂ ಕಡೆ ಸಾಲದೇ ಎಂದು ನನಗೆ ಅನುಮಾನ ಇತ್ತು. ಸಾಲದು. ಬಾಗಿಲು ಮುಚ್ಚಿದಾಗ ತಾಗಿ ನಿಲ್ಲುವ ಮೆಟ್ಟು ಚೌಕಟ್ಟಿನಲ್ಲಿದೆ. ಅಲ್ಲಿ ತುಸು ಜಾಸ್ತಿ ಜಾಗ ಬಿಡದಿದ್ದರೆ ಹಿಂಜಿನ ಕಡೆ ಬಾಗಿಲು ಅದಕ್ಕೆ ಒತ್ತಿಕೊಳ್ಳುತ್ತದೆ. ಆ ವ್ಯತ್ಯಾಸವನ್ನು ಗೇಜೇ ನೆನಪಿಟ್ಟುಕೊಂಡಿದೆ. ಎಷ್ಟು ಚೆಂದದ ಯೋಚನೆ! ಸಾಮಾನ್ಯ ಗೇಜ್ ಇದ್ದವರು ಚೌಕಟ್ಟಿನ ಕಡೆ ಸುಮಾರು 1.5 ಮಿ.ಮೀ. ಸೇರಿಸಿಕೊಳ್ಳಿ.

ಕೆತ್ತುವಾಗ ಮೊದಲು ಚಾಕುವಿನಿಂದ ಗೆರೆ. ಆಮೇಲೆ ಮರದ ಎಳೆಗೆ ಅಡ್ಡವಾಗಿ ಉಳಿಯಿಂದ ಹತ್ತಿರ ಹತ್ತಿರ ಏಟು, ಕೊಡತಿಯಿಂದ ಮೆಲ್ಲಗೆ. ಉಳಿಯ ಇಳಿಜಾರು ಮುಖ ತೆಗೆಯುವ ಮರದ ಕಡೆಗೇ ಇರಲಿ. ಗೆರೆಯ ಮೇಲೆ ಮೊದಲೇ ಜೋರಾಗಿ ಹೊಡೆದರೆ ಉಳಿ ಗೆರೆ ದಾಟಿ ಹಿಂದಕ್ಕೆ ಸರಿಯುತ್ತದೆ. ಅದಕ್ಕೇ ಗೆರೆಯ ಮೇಲಿನ ಏಟನ್ನು ಕೊನೆಗೆ ಇಡಿ.

ಕಚ್ಚಿನ ತಳ ಸಮ ಮಾಡಲು ರೂಟರ್ ಪ್ಲೇನ್, ಅಂದರೆ ಕೆಳಗೆ ಚಾಚಿದ ಅಲಗಿನಿಂದ ತಳವನ್ನು ಒಂದೇ ಆಳಕ್ಕೆ ಹೆರೆಯುವ ಕೈ ಉಪಕರಣ. ಅದರ ಮರದ ಹಳೆಯ ರೂಪವನ್ನು ಇಂಗ್ಲೆಂಡಿನ ಬಡಗಿಗಳು ಮುದುಕಿಯ ಹಲ್ಲು ಎನ್ನುತ್ತಿದ್ದರು, ಒಂದೇ ಹಲ್ಲು ಕೆಳಗೆ ಇಳಿಬಿದ್ದಂತೆ ಕಾಣುತ್ತದೆ. 1880ರ ದಶಕದಲ್ಲಿ ಬಂದ ಸ್ಟ್ಯಾನ್ಲಿ 71 ಕಬ್ಬಿಣದ್ದು. ಬಾಗಿಲಿನ ಅಂಚು ಕಿರಿದು, ಹಾಗಾಗಿ ಪ್ಲೇನ್ ಓಲಾಡುತ್ತದೆ. ಅಂಚಿಗೆ ಸಮನಾಗಿ ಪಕ್ಕದಲ್ಲಿ ಒಂದು ಮರದ ತುಂಡು ಕ್ಲ್ಯಾಂಪ್ ಮಾಡಿ, ಅದಕ್ಕೆ ಕೂರಲು ಜಾಗ ಸಿಗುತ್ತದೆ.

ಹಿತ್ತಾಳೆ ಸ್ಕ್ರೂ ಹಾಕುವವರು ರಂಧ್ರ ಕೊರೆದ ಮೇಲೆ ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ತಿರುಗಿಸಿ ತೆಗೆಯಿರಿ, ಆಮೇಲೆ ಮೇಣ ಸವರಿ ಹಿತ್ತಾಳೆಯದು ಹಾಕಿ. ನಾನು ನೇರವಾಗಿ ಹಾಕಿದ ಒಂದರ ತಲೆ ಮುರಿದು, ಉಳಿದ ತುಂಡು ಈಗಲೂ ಮರದೊಳಗೇ ಇದೆ.