ಸಿಕ್ಕಿತಾ ಅಂತ ಕೇಳಿ ಕಾಯುವ ಕಷ್ಟ

ಉಡುಪಿಯಿಂದ ಮಂಗಳೂರಿಗೆ ಅರ್ಜೆಂಟಾಗಿ ಒಂದು ಕವರ್ ಹೋಗಬೇಕಾದರೆ ನಾವು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇವೆ. ಬಸ್ಸಿನ ಹೆಸರು ಫೋನಿನಲ್ಲಿ ಹೇಳಿದರೆ ಮುಗಿಯಿತು, ಮಂಗಳೂರಿನ ಜ್ಯೋತಿ ಸ್ಟಾಪಿನಲ್ಲಿ ಯಾರೋ ನಿಂತು ತೆಗೆದುಕೊಳ್ಳುತ್ತಾರೆ. ಹೆಜಮಾಡಿ ದಾಟಿತಾ, ಸುರತ್ಕಲ್ ದಾಟಿತಾ ಅಂತ ನಡುವೆ ಯಾರೂ ಕೇಳುವುದಿಲ್ಲ.

ಇಂಟರ್ನೆಟ್ ಬೆಳೆದದ್ದು ಕೇಳುತ್ತಲೇ ಇರುವ ಅಭ್ಯಾಸದಲ್ಲಿ. 1974ರಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಮುಂದಿಟ್ಟ ಟಿಸಿಪಿಯ, ಅಂದರೆ ಕಂಪ್ಯೂಟರುಗಳು ಮಾಹಿತಿ ಸಾಗಿಸುವ ನಿಯಮದ, ಲೆಕ್ಕ ಸರಳ: ಮಾಹಿತಿಯ ತುಂಡು ಕಳಿಸು, 'ಸಿಕ್ಕಿತು' ಅನ್ನುವ ಉತ್ತರಕ್ಕೆ ಕಾಯಿ, ಬಾರದಿದ್ದರೆ ಮತ್ತೆ ಕಳಿಸು. ನೆಲದ ಮೇಲೆ ಇದು ಚೆನ್ನಾಗಿಯೇ ನಡೆಯಿತು.

ತೊಂದರೆ ಕಂಡದ್ದು ಉಪಗ್ರಹದಲ್ಲಿ. ಭೂಮಿಯಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಸಂಪರ್ಕ ಉಪಗ್ರಹ ಕೂರುವುದು 35,786 ಕಿ.ಮೀ. ಎತ್ತರದಲ್ಲಿ. (ಭಾರತದ ಆ್ಯಪಲ್ ಉಪಗ್ರಹ 1981ರಲ್ಲಿ ಹೋಗಿ ಕುಳಿತದ್ದೂ ಅಲ್ಲೇ. ಆಗ ಬೆಂಗಳೂರಿನ ಉಪಗ್ರಹ ಕೇಂದ್ರದ ಮುಖ್ಯಸ್ಥರು ನಮ್ಮ ಅದಮಾರಿನ ಯು.ಆರ್. ರಾವ್.) ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡ್ ಬೇಕು. ಉತ್ತರ ಬರುವ ಮೊದಲು 64 ಕಿಲೋಬೈಟ್‌ಗಿಂತ ಜಾಸ್ತಿ ಕಳಿಸಲು ಹಳೆಯ ಟಿಸಿಪಿ ಬಿಡುತ್ತಿರಲಿಲ್ಲ. ಅಂದರೆ ಎಷ್ಟೇ ದೊಡ್ಡ ಲೈನ್ ಇದ್ದರೂ ಒಂದು ಸಂಪರ್ಕದಲ್ಲಿ ಸಿಗುವುದು ಸೆಕೆಂಡಿಗೆ ಒಂದು ಮೆಗಾಬಿಟ್ ಆಸುಪಾಸು. ಈ ಮಿತಿ ಸಡಿಲಿಸುವ ನಿಯಮ 1992ರಲ್ಲಿ ಬಂತು.

ಇನ್ನೊಂದು ಪೇಚು ಇತ್ತು. 1986ರಲ್ಲಿ ಅಮೆರಿಕದ ಬರ್ಕ್ಲಿಯ ಲ್ಯಾಬಿಗೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವಿನ ಲೈನ್ ಟ್ರಾಫಿಕ್ಕಿಗೆ ಸಿಕ್ಕಿ, ವೇಗ 32 ಕಿಲೋಬಿಟ್‌ನಿಂದ ಬರೀ 40 ಬಿಟ್‌ಗೆ ಇಳಿಯಿತು. ವ್ಯಾನ್ ಜೇಕಬ್‌ಸನ್ ಅನ್ನುವ ಅದೇ ಲ್ಯಾಬಿನವರು 1988ರಲ್ಲಿ ಪರಿಹಾರ ಬರೆದರು: ತುಂಡು ಕಳೆದರೆ ದಾರಿಯಲ್ಲಿ ರಶ್ ಇದೆ ಅಂತ ತಿಳಿದು ನಿಧಾನ ಮಾಡು. ಒಳ್ಳೆಯ ಉಪಾಯವೇ. ಆದರೆ ಆಟಿ ತಿಂಗಳ ಮಳೆಗೆ ಮನೆ ಮೇಲಿನ ಡಿಶ್ ಕೈಕೊಡುವುದನ್ನು ಕಂಡವರಿಗೆ ಇದರ ಎಡವಟ್ಟು ಗೊತ್ತಾಗುತ್ತದೆ. ಅಲ್ಲಿ ರಶ್ ಎಲ್ಲಿದೆ? ತುಂಡು ಕಳೆದದ್ದು ಬರೀ ಮೋಡದಿಂದ. ಟಿಸಿಪಿ ಮಾತ್ರ ಸುಮ್ನೆ ಬ್ರೇಕ್ ಹಾಕುತ್ತದೆ.

ಮಂಗಳ ಗ್ರಹಕ್ಕಂತೂ ಇದು ಆಗುವ ಮಾತೇ ಅಲ್ಲ. ಒಂದು ಕಡೆಯ ದಾರಿಗೇ 3ರಿಂದ 22 ನಿಮಿಷ. ಟಿಸಿಪಿ ಮೊದಲು 'ಇದ್ದೀಯಾ' ಅಂತ ಕೇಳಿ ಉತ್ತರ ಬಂದ ಮೇಲೇ ಕೆಲಸ ಶುರು ಮಾಡುವುದು. ಮಂಗಳ ದೂರದಲ್ಲಿದ್ದಾಗ ಆ ಕುಶಲ ವಿಚಾರಣೆಗೇ 44 ನಿಮಿಷ ಬೇಕು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರುವಾಗ ಸಂಕೇತಕ್ಕೆ ಸುಮಾರು 12 ನಿಮಿಷ ಬೇಕಿತ್ತು. ಅದಕ್ಕೇ ಆದೇಶಗಳನ್ನು ಮೊದಲೇ ನೌಕೆಗೆ ತುಂಬಿಟ್ಟಿದ್ದರು.

1998ರಲ್ಲಿ ಸರ್ಫ್ ತಾವೇ ನಾಸಾದ ಜೆಪಿಎಲ್ ಪ್ರಯೋಗಾಲಯದ ಎಂಜಿನಿಯರುಗಳ ಜೊತೆ ಇದಕ್ಕೊಂದು ದಾರಿ ಹುಡುಕಲು ಕುಳಿತರು. ಅಲ್ಲಿಂದ ಬೆಳೆದು 2007ರಲ್ಲಿ ಬಂದದ್ದು ಬಂಡಲ್ ಪ್ರೋಟೋಕಾಲ್ ಅನ್ನುವ ಹೊಸ ನಿಯಮ. ಇದು ನಮ್ಮ ಬಸ್ ಪಾರ್ಸೆಲ್ಲೇ. ಮುಂದಿನ ದಾರಿ ತೆರೆಯುವ ತನಕ ನಡುವಿನ ಕಂಪ್ಯೂಟರ್ ಮಾಹಿತಿಯ ಗಂಟನ್ನು ಇಟ್ಟುಕೊಳ್ಳುತ್ತದೆ, ಬೇಕೆಂದರೆ ತಲುಪಿಸುವ ಹೊಣೆಯನ್ನೂ ತಾನೇ ಹೊರುತ್ತದೆ.

ಅದರ ಅಡಿಯಲ್ಲಿ ಒಂದೊಂದು ಹಂತದ ಸಾಗಾಟ ನೋಡಿಕೊಳ್ಳುವ ಇನ್ನೊಂದು ನಿಯಮ ಎಲ್‌ಟಿಪಿ 2008ರದ್ದು. ನನಗೆ ಜಾಸ್ತಿ ಇಷ್ಟ ಇದೇ. ಕಳಿಸುವುದನ್ನು ಇದು ಕೆಂಪು, ಹಸಿರು ಅಂತ ವಿಂಗಡಿಸುತ್ತದೆ. ಕೆಂಪು ತಲುಪಲೇಬೇಕು, ಹಸಿರು ಹೋದರೆ ಹೋಯಿತು. ಎದುರಿನ ನೌಕೆ ಗ್ರಹದ ಮರೆಗೆ ಹೋಗುವ ಹೊತ್ತು ಮೊದಲೇ ಗೊತ್ತಿರುತ್ತದಲ್ವಾ? ಆಗ ಉತ್ತರ ಕಾಯುವ ಗಡಿಯಾರವನ್ನೇ ನಿಲ್ಲಿಸಿಬಿಡುತ್ತದೆ. ಆ ವರ್ಷ ನವೆಂಬರಿನಲ್ಲಿ ನಾಸಾ 3.2 ಕೋಟಿ ಕಿ.ಮೀ. ದೂರದ ನೌಕೆಯೊಂದರ ಜೊತೆ ಡಜನುಗಟ್ಟಲೆ ಚಿತ್ರ ಹಾಯಿಸಿ ಈ ಏರ್ಪಾಡನ್ನು ಪರೀಕ್ಷಿಸಿತು.

2022ರಲ್ಲಿ ಬಂಡಲ್‌ನ ಹೊಸ ಆವೃತ್ತಿ ಬಂತು. ಹೊಣೆ ಹೊರುವ ಕೆಲಸವನ್ನು ಅದರ ಮೂಲ ನಿಯಮದಿಂದ ತೆಗೆದಿದ್ದಾರೆ. ಬಸ್ಸಿನ ಅಭ್ಯಾಸವೋ ಏನೋ, ನನಗೆ ಹಳೆಯದೇ ಸರಿ ಕಾಣುತ್ತದೆ.